ತಿಂಗಳಿಗೊಮ್ಮೆ ಹೊತ್ತುವ ಒಲೆ

ಈಗ ಬರೆಯಲಿರುವುದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ವರ್ಷ 1919 ಇರಬಹುದು, 1920 ಇದ್ದರೂ ಇರಬಹುದು. ಇನ್‌ಫ್ಲುಯೆಂಜಾ ಬಂದುಹೋದ ಮೇಲೆ ಎಂಬುದಷ್ಟೇ ಗಟ್ಟಿ. ಆಗತಾನೇ ಬಿ.ಎ. ಮುಗಿಸಿ ಹುಣಸೂರು ತಾಲ್ಲೂಕಿನಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದೆ. ತರ್ಕಶಾಸ್ತ್ರ ಓದಿದವನು, ಯಾರನ್ನಾದರೂ ಜನ ಹೊಗಳಿದರೆ ನನಗೆ ಮೊದಲು ಅನುಮಾನ ಬರುತ್ತಿತ್ತು.

ಗಾವಡಗೆರೆಯಲ್ಲಿ ಚನ್ನಾಜಮ್ಮ ಎಂಬ ಸೂಲಗಿತ್ತಿ ಇದ್ದರು. ಆ ಜ್ವರದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಒಂಬತ್ತು ಮಕ್ಕಳನ್ನು ಸುತ್ತಲ ಹಳ್ಳಿಗಳಿಂದ ಕರೆತಂದು ಸಾಕುತ್ತಿದ್ದರು. ಹತ್ತೂ ಇರಬಹುದು. ಎಲ್ಲರೂ ಊರಿನ ಶಾಲೆಗೆ ಬರುತ್ತಿದ್ದರು. ಅವರಲ್ಲಿ ನಿಂಗಿ ಎಂಬ ಹುಡುಗಿಯ ಚಿಕ್ಕಪ್ಪ ಸಣ್ಣಯ್ಯ ಒಂದು ಅರ್ಜಿ ಕೊಟ್ಟ: ಈಕೆ ಮಕ್ಕಳನ್ನು ಶಾಲೆ ಬಿಡಿಸಿ ಕೂಲಿಗೆ ಕಳಿಸುತ್ತಾಳೆ, ಅವರನ್ನೆಲ್ಲ ಮೈಸೂರಿನ ಅನಾಥಾಲಯಕ್ಕೆ ಸೇರಿಸಬೇಕು. ವಿಚಾರಣೆ ನನ್ನ ಪಾಲಿಗೆ ಬಂತು.

ಹಾಜರಿ ಪುಸ್ತಕ ತೆಗೆಸಿದೆ. ಪ್ರತಿ ಮಗುವೂ ತಿಂಗಳಿಗೆ ಒಂದು ದಿನ ಗೈರು, ಒಬ್ಬೊಬ್ಬರದು ಒಂದೊಂದು ದಿನ. ಇಷ್ಟು ಲೆಕ್ಕಾಚಾರದ ಗೈರು ಕೂಲಿಗಲ್ಲದೆ ಇನ್ನೇತಕ್ಕೆ? ಮಕ್ಕಳನ್ನು ಕಳಿಸಿಬಿಡಬೇಕೆಂದು ಅಲ್ಲೇ ಕೂತು ವರದಿಯ ಕರಡು ಬರೆದೆ. ಆಮೇಲೆ, ಕೇಳಿದ್ದೇನೆ ಎಂದು ಹೇಳಿಕೊಳ್ಳುವುದಕ್ಕಾಗಿ ಆಕೆಯ ಮನೆಗೆ ಹೋದೆ.

ಚನ್ನಾಜಮ್ಮ, ಕಾಳಮ್ಮ ಎಂಬ ಇನ್ನೊಂದು ಹುಡುಗಿಯ ತಲೆ ಬಾಚುತ್ತಿದ್ದರು. ಕೂಲಿಯ ದೂರನ್ನು ಹೇಳಿದೆ. ಅವರು ಎದ್ದೇಳಲಿಲ್ಲ.

"ನಾಳೆ ನಿಂಗಿ ಸರದಿ. ನೀವೂ ಬನ್ನಿ ಬುದ್ಧಿ. ಏನ್ ಕೂಲಿ ಅಂತ ನೋಡೀರಂತೆ."

ಮರುದಿನ ಬೆಳಿಗ್ಗೆ ನಡೆದೇ ನಿಂಗಿಯ ಹಳ್ಳಿಗೆ ಹೋದೆವು. ಅವಳಿಗೆ ಏಳು ವರ್ಷ ಎಂದು ನೆನಪು. ಅವಳ ಅಪ್ಪನ ಮನೆಯ ಬಾಗಿಲು ತೆರೆದರೆ ಒಳಗೆ ಸಣ್ಣಯ್ಯನ ಜೋಡಿ ಎತ್ತು ಕಟ್ಟಿತ್ತು. ಹುಡುಗಿ ಅಳಲಿಲ್ಲ. ಒಂದೊಂದನ್ನೇ ಬಿಚ್ಚಿ ಹೊಡೆದುಕೊಂಡು ಹೋಗಿ ಚಿಕ್ಕಪ್ಪನ ಮನೆ ಮುಂದೆ ಕಟ್ಟಿಬಂದಳು. ಗುಡಿಸಿದಳು, ಸಗಣಿ ಹಾಕಿ ಸಾರಿಸಿದಳು, ಹೊಸ್ತಿಲ ಮುಂದೆ ವಕ್ರವಾಗಿ ಒಂದು ರಂಗೋಲಿ ಎಳೆದಳು. ಆಮೇಲೆ ಒಲೆ ಹಚ್ಚಿ ಹುರುಳಿ ಬೇಯಲಿಟ್ಟಳು. ಹೆಂಚಿನ ಸಂದಿಯಿಂದ ಹೊಗೆ ಎದ್ದದ್ದೇ ಅಕ್ಕಪಕ್ಕದವರು ಬರತೊಡಗಿದರು.

"ಬಂದ್ಯಾ ಮಗಾ? ನಿಮ್ಮವ್ವನ ಒಲೆ ಉರೀತದಲ್ಲ, ಸಾಕು ಬುಡು," ಎಂದು ಎದುರು ಮನೆಯ ಮುದುಕಿ ಹೊಸ್ತಿಲಲ್ಲೇ ಕೂತಳು.

ಸಣ್ಣಯ್ಯ ಓಡಿ ಬಂದ. "ಇಲ್ಲಿ ಯಾರವ್ರೆ? ಖಾಲಿ ಮನೆ ಕಣ್ರೀ ಇದು!"

"ಖಾಲಿ ಮನೇಲಿ ಒಗೆ ಎಂಗ್ಲಾ ಬತ್ತದೆ?" ಎಂದರು ಚನ್ನಾಜಮ್ಮ. "ನಿಮ್ಮವ್ವನ ಎರಿಗೆ ಮಾಡ್ಸ್ದೋಳು ನಾನು ಕಣ್ಲಾ. ಒಟ್ಟೇಲೇ ಅಡ್ಡ ತಿರುಗಿದ್ದೆ, ಇನ್ನೂ ನೆಟ್ಟಗಾಗಿಲ್ವಲ್ಲೋ!"

ಜನ ನಕ್ಕರು. ಅಷ್ಟರಲ್ಲಿ ಬಂದ ಪಟೇಲರು ಹೊಗೆಯನ್ನು ನೋಡಿದರು, ನನ್ನ ಕೋಟನ್ನೂ ನೋಡಿದರು. "ಇನ್ಮೇಲೆ ಎತ್ತು ಇಲ್ಲಿ ಕಟ್ಬೇಡ ಸಣ್ಣಯ್ಯ. ಮಗೀನ ಮನೆ ಅದು," ಎಂದರು. ನಿಂಗಿ ಎಲ್ಲರಿಗೂ ಒಂದೊಂದು ಹಿಡಿ ಹುರುಳಿ ಹಂಚಿದಳು. ನನಗೂ ಕೊಟ್ಟಳು. ಉಪ್ಪು ಹಾಕುವುದನ್ನು ಮರೆತಿದ್ದಳು.

ಹಿಂದಿರುಗುವಾಗ ಚನ್ನಾಜಮ್ಮ ವಿವರಿಸಿದರು. ಪ್ರತಿ ಮಗುವನ್ನೂ ತಿಂಗಳಿಗೊಮ್ಮೆ ಅದರ ಊರಿಗೆ ಕರೆದೊಯ್ದು ಅದರ ಮನೆಯ ಒಲೆ ಹೊತ್ತಿಸುವುದು ಅವರ ನೇಮ. ದೂರದ ಊರುಗಳಿಗೆ ಹಿಂದಿನ ದಿನ ಶಾಲೆ ಬಿಟ್ಟೊಡನೆ ಹೊರಡುತ್ತಿದ್ದರು.

"ವರ್ಸ ಒಗೆ ಕಾಣ್ದಿದ್ರೆ ಊರೋರು ಮರ್ತೋಯ್ತಾರೆ ಬುದ್ಧಿ. ಎಲ್ರೂ ಕೆಟ್ಟೋರಲ್ಲ, ಮರೀತಾರೆ ಅಷ್ಟೆ. ಮೈಸೂರಲ್ಲಿ ಅನ್ನ ಸಿಕ್ತದೆ, ನಿಜ. ದೊಡ್ಡೋರಾದ್ಮೇಲೆ ಇದು ನಂದು ಅನ್ನಾಕೆ ಒಂದು ಬಾಗ್ಲು ಬ್ಯಾಡ್ವಾ?"

ಕರಡನ್ನು ಹರಿದುಹಾಕಿದೆ. ಮಕ್ಕಳು ಅಲ್ಲೇ ಇರಲಿ, ತಿಂಗಳ ಆ ಒಂದು ದಿನವನ್ನು ರಜೆ ಎಂದು ಹಿಡಿಯಬೇಕು ಎಂದು ಬರೆದೆ. ಮೇಲಿನವರು ಒಪ್ಪಿದರು. ಹಾಜರಿ ಪುಸ್ತಕ ಮಗು ಎಲ್ಲಿ ಇಲ್ಲ ಎಂಬುದನ್ನು ಮಾತ್ರ ಹೇಳುತ್ತದೆ, ಎಲ್ಲಿದೆ ಎಂದು ತಿಳಿಯಲು ಎದ್ದು ಹೋಗಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು.

ಆದರೂ ಒಂದು ಅನುಮಾನ ಬಿಡಲಿಲ್ಲ. ಅಂದು ಪಟೇಲರನ್ನು ಒಪ್ಪಿಸಿದ್ದು ಆ ಹೊಗೆಯೋ, ನನ್ನ ಸರ್ಕಾರಿ ಕೋಟೋ? ಕೋಟೇ ಆಗಿದ್ದರೆ, ಬಿಸಿಲಲ್ಲಿ ಅಷ್ಟು ಮಕ್ಕಳ ಕೈ ಹಿಡಿದು ಆಕೆ ನಡೆದ ದಾರಿಯೆಲ್ಲ ವ್ಯರ್ಥ. ಇಪ್ಪತ್ತು ವರ್ಷ ಇದು ನನ್ನನ್ನು ಕೊರೆಯಿತು. ಅಷ್ಟರಲ್ಲಿ ಚನ್ನಾಜಮ್ಮ ತೀರಿಹೋಗಿದ್ದರು.

ಕೊನೆಗೆ ಕೃಷ್ಣರಾಜನಗರ ತಾಲ್ಲೂಕಿಗೆ ವರ್ಗವಾಯಿತು. ಅಂದು ತಲೆ ಬಾಚಿಸಿಕೊಳ್ಳುತ್ತಿದ್ದ ಕಾಳಮ್ಮ ಹೊಸ ಅಗ್ರಹಾರದ ಹತ್ತಿರದ ಒಂದು ಹಳ್ಳಿಯವಳು ಎಂಬುದು ನೆನಪಿತ್ತು. ಹೋಗಿ, ಅವಳ ಮನೆಯ ವಿಷಯಕ್ಕೆ ಅಂದು ಯಾರಾದರೂ ಅಧಿಕಾರಿ ಬಂದಿದ್ದರೇ ಎಂದು ಅಲ್ಲಿನ ಶಾನುಭೋಗರನ್ನು ವಿಚಾರಿಸಿದೆ.

"ಯಾವ ಅಧಿಕಾರಿಯೂ ಬಂದಿರಲಿಲ್ಲ ಸ್ವಾಮಿ," ಎಂದರು ಆ ವೃದ್ಧರು. "ಆಯಮ್ಮ ಮಗೂನ ಕರ್ಕೊಂಡು ಬರ್ತಿದ್ರು, ಒಲೆ ಹಚ್ಚಿಸ್ತಿದ್ರು, ಹೋಗ್ತಿದ್ರು."

ಊರಿನ ಖಾತೆ ಪುಸ್ತಕ ತೆಗೆಸಿ ನನ್ನ ಕಣ್ಣಿನಿಂದಲೇ ನೋಡಿದೆ. ಮನೆ ಕಾಳಮ್ಮನ ಹೆಸರಿನಲ್ಲಿತ್ತು.