ಹಾವಿಗೆ ಉಣಿಸಲು ಕೂತವನು

ಅವನ ಬಲಗಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಸಿಕ್ಕಿಸಿ ಸಿಕ್ಕಿಸಿ ಅಲ್ಲಿನ ಚರ್ಮ ಬಡಗಿಯ ಅಂಗೈಯಂತೆ ಗಟ್ಟಿಯಾಗಿತ್ತು. ಕೆಲಸ ಹೋದಮೇಲೂ ಪೆನ್ಸಿಲ್ ಅಲ್ಲೇ ಇತ್ತು.

ದುಬೈಯ ಅಲ್ ನಹ್ದಾದಲ್ಲಿ ನನ್ನ ಮಗಳ ಮನೆ. ಮೊಮ್ಮಗನನ್ನು ನೋಡಿಕೊಳ್ಳಲು ಗದಗದಿಂದ ಹೋದವಳು ನಾನು. ಪಕ್ಕದ ಮನೆಯಲ್ಲಿ ಈ ಭಟ್ಕಳದವನು, ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯುತ್ತಿದ್ದ. ಮೊಮ್ಮಗನನ್ನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ನನ್ನೊಡನೆ ಕೂತು ಕನ್ನಡ ಮಾತಾಡುತ್ತಿದ್ದವನು ಇವನೊಬ್ಬನೇ.

ದುಬೈಯಲ್ಲಿ ಕೆಲಸಗಳು ನಿಂತ ವರ್ಷ ಅವನ ರೂಮಿನ ಜೊತೆಗಾರ ಸೂಟ್‌ಕೇಸ್ ಹಿಡಿದು ಊರಿಗೆ ಹೋದ. ಸಾಕಿದ್ದ ಸಣ್ಣ ಹೆಬ್ಬಾವನ್ನು ಗಾಜಿನ ಪೆಟ್ಟಿಗೆಯಲ್ಲೇ ಬಿಟ್ಟುಹೋದ. ಸ್ವಲ್ಪ ದಿನಕ್ಕೆ ಇವನ ಕೆಲಸವೂ ಖಲಾಸ್. ವೀಸಾ ಕ್ಯಾನ್ಸಲ್ ಆದಮೇಲೆ ದೇಶ ಬಿಡಲು ಒಂದು ತಿಂಗಳು. ಶಾರ್ಜಾದಲ್ಲಿ ಹಾವು ಸಾಕುವವನೊಬ್ಬ ಅದನ್ನು ತೆಗೆದುಕೊಳ್ಳಲು ಒಪ್ಪಿದ್ದ, ಫ್ರೀಜರಿನ ಸತ್ತ ಇಲಿ ತಿನ್ನುವುದಾದರೆ ಮಾತ್ರ. ಇದು ಜೀವಂತ ಇಲಿಗೆ ರೂಢಿಯಾದ ಹಾವು. ಎರಡು ತಿಂಗಳಿಂದ ಏನನ್ನೂ ಮುಟ್ಟಿರಲಿಲ್ಲ.

“ಜೀವಂತದ್ದs ಹಾಕಪಾ, ಪೀಡಾ ಹೋಗ್ಲಿ” ಎಂದೆ.

“ಬೇಡ ಅಮ್ಮ. ಹೋದ ಸಲ ಇಲಿಯೇ ಇದರ ಕುತ್ತಿಗೆ ಕಚ್ಚಿತ್ತು.”

“ಹಂಗಾದ್ರ ಬಾಯಿ ತಗದು ತುರುಕು. ಮೊಮ್ಮಗಗ ನಾ ಹಂಗs ಉಣಸ್ತೀನಿ.”

“ಅದಕ್ಕೇ ಅವನು ನಿಮ್ಮನ್ನು ಕಂಡ್ರೆ ಮಂಚದಡಿ ಹೋಗುದು.”

ನಾವು ಮಾಂಸ ಮುಟ್ಟದ ಜನ. ಮೊದಲ ವಾರ ಬಾಗಿಲಾಚೆ ನಿಂತೇ ಮಾತಾಡಿದೆ. ಎರಡನೆಯ ವಾರ ಮಗಳ ಹೇರ್ ಡ್ರೈಯರ್ ಹಿಡಿದು ಒಳಗೆ ಕೂತಿದ್ದೆ. ಅವನು ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿಗೆ ಹಾಕಿ ಕರಗಿಸುತ್ತಿದ್ದ, ಒರೆಸುತ್ತಿದ್ದ. ಜೀವಂತ ಇಲಿಯ ಮೈಯಂತೆ ಬೆಚ್ಚಗಾಗಲೆಂದು ನಾನು ಅದರ ತಲೆಗೆ ಬಿಸಿಗಾಳಿ ಹಿಡಿಯುತ್ತಿದ್ದೆ. ಆಮೇಲೆ ಅವನು ಅದನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು, ಜೀವವಿದ್ದಂತೆ ಸಣ್ಣಗೆ ಅಲ್ಲಾಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದ. ಹಾವು ನಾಲಿಗೆ ಚಾಚುತ್ತಿತ್ತು, ಮುಖ ತಿರುಗಿಸುತ್ತಿತ್ತು. ಇವನು ಬೈಯುತ್ತಿರಲಿಲ್ಲ. “ಅದಕ್ಕೆ ಇದು ಊಟ ಅಂತ ಗೊತ್ತಿಲ್ಲ, ಅಷ್ಟೇ” ಎನ್ನುತ್ತಿದ್ದ. ತನ್ನ ಮಧ್ಯಾಹ್ನದ ಅನ್ನವನ್ನು ಸಂಜೆ ತಣ್ಣಗೆ ತಿನ್ನುತ್ತಿದ್ದ.

ವಿಮಾನಕ್ಕೆ ನಾಲ್ಕು ದಿನವಿರುವಾಗ ವೀಸಾ ಕಾಗದಕ್ಕೆಂದು ಹೊರಟ. ಇಲಿ ಕರಗಿಸಿಡಲು ನನಗೆ ಹೇಳಿದ. ಚೀಲ ಬಿಚ್ಚಿದರೆ ನಾತ. ಅಷ್ಟು ಕೊಳಕು ಪದಾರ್ಥವನ್ನು ಯಾರ ಬಾಯಿಗಾದರೂ ಹೇಗೆ ಇಡುವುದು? ಪಾತ್ರೆ ತೊಳೆಯುವ ಸೋಪು ಹಚ್ಚಿ ಮೂರು ನೀರಿನಲ್ಲಿ ತೊಳೆದು, ಒರೆಸಿ ಇಟ್ಟೆ.

ಅವನು ಬಂದು ಇಕ್ಕಳದಲ್ಲಿ ಹಿಡಿದ. ಅವತ್ತು ಹಾವು ಬಾಣದಂತೆ ಬಂದು ಇಲಿಯನ್ನು ಕಚ್ಚಿ ಸುತ್ತಿಕೊಂಡಿತು. ನುಂಗಲು ಬಾಯಿ ತೆರೆಯಿತು, ನಿಂತಿತು. ಸುರುಳಿ ಸಡಿಲವಾಯಿತು. ಮೂತಿಯನ್ನು ಗಾಜಿಗೆ ತಿಕ್ಕಿಕೊಂಡು ಮೂಲೆಗೆ ಹೋಯಿತು.

ಅವನು ಇಲಿಯನ್ನು ಎತ್ತಿ ಮೂಸಿದ.

“ಅಮ್ಮ, ಇದಕ್ಕೆ ಸೋಪ್ ಹಾಕಿದ್ರಾ?”

“ಹಾಕೀನಿ. ನಾತ ಹೊಡೀತಿತ್ತು.”

ಅವನು ಇಲಿಯನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದ. “ಇರ್ಲಿ. ಕಚ್ಚಿತಲ್ಲ. ಹಸಿವು ಉಂಟು ಅಂತ ಆಯ್ತು.”

ಆಮೇಲಿನ ಮೂರು ದಿನ ಅದು ಇಲಿಯತ್ತ ತಲೆಯನ್ನೂ ಎತ್ತಲಿಲ್ಲ. ಶಾರ್ಜಾದವನು ಫೋನಿನಲ್ಲೇ ಬೇಡವೆಂದ. ಕೊನೆಗೆ ಪ್ರಾಣಿಗಳ ಡಾಕ್ಟರೊಬ್ಬರ ಕೈಗೆ ಒಪ್ಪಿಸಿ ಊರಿಗೆ ಹೋದ.

ತಿಂಗಳಾದಮೇಲೆ ಭಟ್ಕಳದಿಂದ ಮಗಳ ಮೊಬೈಲಿಗೆ ಫೋನ್ ಮಾಡಿದ. ನನ್ನನ್ನೇ ಕರೆಯಲು ಹೇಳಿದ. ಡಾಕ್ಟರು ತಿಳಿಸಿದ್ದರಂತೆ, ಹಾವು ಸತ್ತಿತ್ತು.

“ನನ್ನಿಂದ ಆತೇನಪಾ?”

“ಛೆ ಛೆ. ವಯಸ್ಸಾಗಿತ್ತು ಅಮ್ಮ ಅದಕ್ಕೆ.”

ಆ ಹಾವಿಗೆ ಮೂರೇ ವರ್ಷ ಎಂದು ಅವನೇ ಹಿಂದೆ ಹೇಳಿದ್ದ. ಅಂಥ ಹಾವು ಇಪ್ಪತ್ತು ವರ್ಷ ಬದುಕುತ್ತದೆಂದು ಮೊಮ್ಮಗ ಪುಸ್ತಕ ತೋರಿಸಿದ್ದ. ನನಗೆ ಓದಲು ಬಾರದಿದ್ದರೂ ಎಣಿಸಲು ಬರುತ್ತದೆ. “ಹೌದನು, ಹಂಗಾದ್ರ ಸರಿ” ಎಂದು ಫೋನನ್ನು ಮಗಳಿಗೆ ಕೊಟ್ಟೆ.