ಎದುರುಮನೆಯ ಜಲತರಂಗ

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನಮ್ಮ ಎದುರುಮನೆಯಾಕೆ ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ, ಬಿದಿರು ಕಡ್ಡಿಗಳಿಂದ ತಟ್ಟಿ ಜಲತರಂಗ ನುಡಿಸುತ್ತಿದ್ದರು. ಅಷ್ಟು ತಂಪಾದ ನಾದವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕಾಫಿಗೆ ಕರೆದರೂ ಅಷ್ಟೇ, ಕುಡಿಯುವ ಮೊದಲು ಕಪ್ಪಿಗೆ ಉಗುರಿನಿಂದ ಟಿಣ್ ಎನಿಸಿ, "ನಿಮ್ಮನೆ ಕಾಫಿ ಒಳ್ಳೆ ಶ್ರುತೀಲಿದೆ ಕಣ್ರೀ" ಅನ್ನೋರು. ನುಡಿಸಿ ಅಂತ ಅವಸರ ಮಾಡಿದರೆ, ತುಳುಕುವ ನೀರಿನತ್ತ ಬೆರಳು ತೋರಿಸಿ ಒಂದೇ ಮಾತು: "ತಡೀರಿ, ನೀರು ಸ್ವಲ್ಪ ಮಲಗಲಿ."

ಒಂದು ರಾಮನವಮಿಗೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಅವರ ಮೊದಲ ಕಛೇರಿ. ಬಟ್ಟಲು ಜೋಡಿಸಿಟ್ಟು, ನೀರು ತರಲು ಮನೆಗೆ ಹೋಗಿ ಬರುವಷ್ಟರಲ್ಲಿ, ಪಾನಕ ಹಂಚುತ್ತಿದ್ದ ಬೀದಿಯ ಹಿರಿಯರೊಬ್ಬರು ಎಲ್ಲ ಬಟ್ಟಲಿಗೂ ಧಾರಾಳವಾಗಿ ಪಾನಕ ಸುರಿದುಬಿಟ್ಟಿದ್ದರು!

"ಗಣ್ಯರಿಗೆ ಅಂತ ಇಟ್ಟಿದ್ದೀರಿ ಅನ್ಕೊಂಡೆ ತಾಯಿ" ಎಂದು ಅವರು ಬೆವರಿದರು. ಜನ ಆಗಲೇ ಬಂದು ಕೂತಿದ್ದರು. ತೊಳೆಯೋಕೆ ಹೊತ್ತಿಲ್ಲ.

ಈಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತೇಬಿಟ್ಟರು. "ತಡೀರಿ, ಪಾನಕ ಸ್ವಲ್ಪ ಮಲಗಲಿ."

ಆಮೇಲೆ ಒಂದೊಂದನ್ನೇ ತಟ್ಟಿ, ಸ್ವರ ಏರಬೇಕಾದ ಕಡೆ ಬಟ್ಟಲೆತ್ತಿ, ಎಂಜಲಾಗದಂತೆ ಬಾಯಿಗೆ ಸುರಿದುಕೊಂಡು, ಮತ್ತೆ ತಟ್ಟಿದರು. ಮೇಲಿನ ಷಡ್ಜ ಕೂಡುವಷ್ಟರಲ್ಲಿ ತೇಗು ಬಂತು. ಮೃದಂಗದವರು ನಕ್ಕು ನಕ್ಕು ತಾಳ ತಪ್ಪಿದರು. ನಾದ ಮಾತ್ರ ಬೆಲ್ಲ ಕರಗಿದ ಹಾಗೆ ಹರಿಯಿತು.

ಕೊನೆಗೆ ನೋಡಿದರೆ ಬಟ್ಟಲುಗಳತ್ತ ಇರುವೆಗಳ ಸಾಲು. ಆಕೆ ಕಡ್ಡಿ ಎತ್ತಿ ಅವಕ್ಕೂ ಗಂಭೀರವಾಗಿ ಹೇಳಿದರು: "ತಡೀರಿ, ಇನ್ನೂ ಮಂಗಳ ಬಾಕಿ ಇದೆ."