ಗುಡ್ಡದ ತುದಿಯಲ್ಲಿ ಊದಿದ ಸೀಟಿ

ಈ ಸಲದ ದೀಪಾವಳಿಗೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಬೆಳಿಗ್ಗೆಯೇ ಪಟಾಕಿ ಹಚ್ಚಿದರು. ಹೊಗೆ ಅಡುಗೆಮನೆಯವರೆಗೂ ಬಂತು. ಸುಟ್ಟ ಮದ್ದಿನ ಕಟುವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಹೋಳಿಗೆಯನ್ನು ಹಾಗೇ ತಟ್ಟೆಗಿಟ್ಟೆ. ನನ್ನ ಬಿಪಿ ಏರಿತೆಂದು ಹೆಂಡತಿ ಗಾಬರಿಯಾದಳು. ನನಗೆ ನೆನಪಾಗಿದ್ದು ಹಿಂದೆ ಪಕ್ಕದ ಮನೆಯಲ್ಲಿದ್ದ ಕಾಕಾ...

ಆಗ ನಾನು ತೆಲುಗು ಸೀಮೆಯ ದೊಡ್ಡ ನಗರವೊಂದರ ಅಂಚಿನಲ್ಲಿ, ಕುಷಾಯಿಗೂಡದಲ್ಲಿ ಬಾಡಿಗೆಗಿದ್ದೆ. ಊರಿಗೆ ಊರೇ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡಿದ್ದ ಕಾಲ. ನನಗೂ ನಗರದ ಇನ್ನೊಂದು ತುದಿಯ ಕೊಂಡಾಪುರದ ಕಡೆ ಕೆಲಸ ಸಿಕ್ಕಿತ್ತು, ಜೊತೆಗೆ ಸೊಕ್ಕೂ ಬಂದಿತ್ತು. ಕಾಕಾ ಬೀದರ್ ಕಡೆಯವರು, ಕಾರ್ಖಾನೆಯಲ್ಲಿ ಫಿಟ್ಟರ್. ಮಹಾ ಮುಂಗೋಪಿ. ಭಾನುವಾರ ಬಂತೆಂದರೆ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಕೊಂಡಾಪುರದ ಆಚೆಯ ಕಲ್ಲುಗುಡ್ಡಕ್ಕೆ ಹೋಗಿ, ತುದಿಯಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಇಳಿಯಬೇಕು. ಯಾಕೆ ಎಂದು ಕೇಳಿದರೆ ಬೈಗುಳವೇ ಉತ್ತರ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ, ನಾನು ಶನಿವಾರದಿಂದಲೇ ಕಾಯುತ್ತಿದ್ದೆ.

ಗುಡ್ಡದ ಮೇಲೆ ಒಣಹುಲ್ಲು ಮತ್ತು ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಮನೆಯಷ್ಟೆತ್ತರದ ಬಂಡೆಗಳ ಸಂದಿಯಲ್ಲಿ ಹತ್ತುವಾಗ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅದಕ್ಕೇ ಕಾಕಾ ಒಂದು ಪದ್ಧತಿ ಮಾಡಿದ್ದರು. ಮುಂದೆ ಹೋದವನು ದಾರಿ ಸರಿಯಿದ್ದರೆ ಜೇಬಿನ ಸೀಟಿ ತೆಗೆದು ಉದ್ದಕ್ಕೆ ಒಮ್ಮೆ ಊದಬೇಕು, ಅದು ಕೇಳಿದ ಮೇಲೆ ಹಿಂದಿನವನು ಹತ್ತಬೇಕು.

ಆ ವರ್ಷ ಕಟ್ಟಡಗಳಿಗಾಗಿ ಗುಡ್ಡದ ಹಿಂಬದಿಯನ್ನು ಮದ್ದಿಟ್ಟು ಸಿಡಿಸತೊಡಗಿದ್ದರು. ಭಾನುವಾರ ಆ ಕೆಲಸದವರಿಗೆ ರಜೆಯಾದ್ದರಿಂದ ನಾವು ನಿಶ್ಚಿಂತರಾಗಿದ್ದೆವು. ಆದರೆ ಆ ಭಾನುವಾರ ಅರ್ಧ ಹತ್ತಿದ್ದೆವಷ್ಟೇ, ಗುಡ್ಡ ಬುಡಸಮೇತ ಅದುರಿತು. ಕಲ್ಲಿನ ಚೂರುಗಳು ತಲೆಯ ಮೇಲೆ ಹಾರಿಹೋದವು. ಕಾಕಾ ನನ್ನ ಕುತ್ತಿಗೆ ಹಿಡಿದು ಬಂಡೆಯ ಕೆಳಗೆ ತುರುಕಿದರು.

"ತಲಿ ಎತ್ತಬ್ಯಾಡ! ಇನ್ನೊಂದು ಇರಬಹುದು, ತಡಿ."

ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಅಷ್ಟು ಸಾಕಾಯಿತು ನನಗೆ. ಅವರ ಕೈ ಕೊಡವಿಕೊಂಡು ತುದಿಗೆ ಓಡಿದೆ. ಆಚೆ ಬರೀ ಧೂಳು, ಯಾರೂ ಕಾಣಲಿಲ್ಲ. ಮುದುಕ ಸುಮ್ಮನೆ ಹೆದರಿದರೆಂದು ನಗು ಬಂತು. ಅವರನ್ನು ಕರೆಯಲು ಜೇಬಿನ ಸೀಟಿ ತೆಗೆದು ಉದ್ದಕ್ಕೆ ಒಮ್ಮೆ ಊದಿದೆ.

ಆಚೆ ಬದಿಯ ಕೆಳಗಿನ ಬಂಡೆಗಳ ಮರೆಯಿಂದ ಕೂಲಿಯವರು ಒಬ್ಬೊಬ್ಬರಾಗಿ ಎದ್ದರು. ಹಾರೆ ಎತ್ತಿಕೊಂಡು ಸಿಡಿದ ಬಂಡೆಯತ್ತ ನಡೆದರು. ನಾನು ಅವರಿಗೆ ಕೈ ಬೀಸಿದೆ ಕೂಡ. ಆಗ ಎರಡನೆಯದು ಸಿಡಿಯಿತು...

ಒಬ್ಬನ ಮೊಣಕಾಲಿನ ಕೆಳಗೆ ಕಾಲೇ ಉಳಿದಿರಲಿಲ್ಲ. ಅವನ ಕೂಗು ಈಗಲೂ ನನ್ನನ್ನು ಬಿಟ್ಟಿಲ್ಲ. ನಾನು ಇಳಿಯುವಷ್ಟರಲ್ಲಿ ಕಾಕಾ ನನ್ನನ್ನು ದಾಟಿ ಹೋಗಿ, ಅಂಗಿ ಹರಿದು ಅವನ ತೊಡೆಗೆ ಬಿಗಿಯುತ್ತಿದ್ದರು. ಉಳಿದವರು ಮೇಸ್ತ್ರಿಯನ್ನು ನೆಲಕ್ಕೆ ಕೆಡವಿ ಸುತ್ತಿಗೆಯ ಹಿಡಿಕೆಯಿಂದ ಬಡಿಯುತ್ತಿದ್ದರು. ಎಲ್ಲರೂ ನಮ್ಮ ಯಾದಗಿರಿ, ರಾಯಚೂರು ಕಡೆಯವರೇ.

"ಇನ್ನೊಂದು ಮದ್ದು ಇತ್ತಲ್ಲಲೇ, ಸೀಟಿ ಯಾಕ ಊದಿದಿ?"

"ನಾ ಊದಿಲ್ರೋ ಯಪ್ಪಾ! ದೇವರಾಣಿ ಊದಿಲ್ರೋ!"

ಎಲ್ಲ ಮದ್ದೂ ಸಿಡಿದ ಮೇಲೆ ಮೇಸ್ತ್ರಿ ಒಂದು ಉದ್ದ ಸೀಟಿ ಊದುವುದು, ಆಮೇಲೆ ಅವರು ಹೊರಗೆ ಬರುವುದು. ಅದು ಅವರ ಪದ್ಧತಿ. ನನಗೆ ಗೊತ್ತಾದದ್ದು ಆಗ. ಸೀಟಿ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಮೇಸ್ತ್ರಿಯ ಬಾಯಿಂದ ರಕ್ತ ಸುರಿಯುತ್ತಿದ್ದರೂ ನನ್ನ ನಾಲಿಗೆ ಏಳಲಿಲ್ಲ. ಕಾಕಾ ನನ್ನ ಮುಖ ನೋಡಿದರು, ಮುಷ್ಟಿ ನೋಡಿದರು. ಎದ್ದು ಬಂದು, ಬೆರಳು ಬಿಡಿಸಿ ಸೀಟಿಯನ್ನು ಕಿತ್ತುಕೊಂಡರು.

"ಅವನ್ನ ಬಿಡ್ರಿ. ಊದಿದಾಂವ ನಾ."

ಅವರನ್ನು ಹೇಗೆ ಹೊಡೆದರೆಂದು ಬರೆಯುವ ಧೈರ್ಯ ನನಗಿಲ್ಲ. ಬಲಗೈ ಎರಡು ಕಡೆ ಮುರಿಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಆದರೂ ನಾನು ನಿಂತಲ್ಲಿಂದ ಕದಲಲಿಲ್ಲ. ಹೇಡಿ ಎಂದು ನನ್ನನ್ನು ಕರೆಯಲು ಬೇರೆ ಯಾರೂ ಬೇಕಿಲ್ಲ. ಗಾಯಾಳುವಿನ ಜೊತೆ ಲಾರಿಯಲ್ಲಿ ಆಸ್ಪತ್ರೆಗೆ ಹೋಗುವಾಗ ಕಾಕಾ ಒಂದೇ ಮಾತು ಹೇಳಿದರು.

"ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನಗಿನ್ನೂ ಭಾಳ ವಯಸ್ಸೈತಿ."

ಆ ಕೈ ಮತ್ತೆ ಮೇಲೇಳಲಿಲ್ಲ. ಗುಡ್ಡ ಹತ್ತುವುದು ಅಲ್ಲಿಗೆ ನಿಂತಿತು. ನಾನು ಕೊಂಡಾಪುರಕ್ಕೆ ಮನೆ ಬದಲಿಸಿದೆ, ಕೆಲಸ ದೂರವೆಂದು ನೆಪ ಹೇಳಿ. ಈಗ ಆ ಗುಡ್ಡವೂ ಇಲ್ಲ, ಕಾಕಾ ಕೂಡ ಇಲ್ಲ.

ಹಬ್ಬ ಮುಗಿದ ಮೇಲೆ, ಎಲ್ಲ ಹೇಳಿಬಿಡೋಣವೆಂದೇ ಕುಷಾಯಿಗೂಡದ ಕಾಕಾರ ಮನೆಗೆ ಹೋದೆ. ಅವರ ಹೆಂಡತಿ ಕಾಕಿ ಚಹಾ ಕೊಟ್ಟು, ಗೋಡೆಯ ಮೇಲಿನ ಫೋಟೊ ನೋಡುತ್ತ ಕೂತರು.

"ಒಬ್ಬನ ಕಾಲ ಕಳದ್ರಿ ಅಂತ ಸಾಯೂತನಾ ಬೈದೆ ನೋಡಪ್ಪಾ. ದಿನಾ ಬೈದೆ. ಒಂದಿನಾನೂ ಎದುರು ಮಾತಾಡ್ಲಿಲ್ಲ ನಿಮ್ಮ ಕಾಕಾ. ಅಷ್ಟು ಸಿಟ್ಟಿನ ಮನಷ್ಯಾ..."

ಹೇಳಿಬಿಡಲೆಂದು ಖಾಲಿ ಲೋಟ ಕೆಳಗಿಟ್ಟೆ. ಕಾಕಿ ಅದನ್ನು ನೋಡಿದರು.

"ಇನ್ನಷ್ಟು ಹಾಕಲೇನಪ್ಪಾ?"

"ಹಾಕ್ರಿ ಕಾಕಿ" ಅಂದೆ.